ಉಲ್ಕೆಗಳ ಜಾಡಿನಲ್ಲಿ ರೇಡಿಯೊ ಸಂದೇಶ: ಉಲ್ಕಾ ಪ್ರತಿಫಲಿತ ಸಂವಹನದ ತತ್ತ್ವ ಮತ್ತು ಇತಿಹಾಸ

ದೂರಸಂಪರ್ಕಕ್ಕೆ ಬಳಸುವ ಮಾಧ್ಯಮವು ಸದಾ ಲಭ್ಯವಿರಬೇಕೆಂಬುದು ಸರ್ವಸಾಮಾನ್ಯವಾದ ನಿರೀಕ್ಷೆ. ತಂತಿ, ಅಯಾನುಗೋಳ, ಕೃತಕ ಉಪಗ್ರಹ, ಗಾಜಿನ ಎಳೆ ಇವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ತಂತ್ರಜ್ಞರ ಶ್ರಮದ ಬಹುಭಾಗ ಸಂಪರ್ಕ ಕಡಿಯದಂತೆ ನೋಡಿಕೊಳ್ಳುವುದಕ್ಕೇ ಮೀಸಲಾಗಿದೆ. ಈ ನಿರೀಕ್ಷೆಯನ್ನು ಮೊದಲಿಗೇ ಕೈಬಿಟ್ಟು, ದಿನದ ಬಹುಪಾಲು ಹೊತ್ತು ಇಲ್ಲದಿರುವ ಮಾಧ್ಯಮವೊಂದನ್ನು ಆಶ್ರಯಿಸಿ ಬೆಳೆದ ಪದ್ಧತಿಯೊಂದಿದೆ. ಅದು ಉಲ್ಕೆಗಳು ಆಕಾಶದಲ್ಲಿ ಬಿಟ್ಟುಹೋಗುವ ಜಾಡಿಗೆ ರೇಡಿಯೊ ತರಂಗಗಳನ್ನು ತಾಗಿಸಿ, ಅಲ್ಲಿಂದ ಪ್ರತಿಫಲಿಸಿದ ಸಂಕೇತವನ್ನು ನೂರಾರು ಕಿಲೋಮೀಟರ್ ದೂರದಲ್ಲಿ ಹಿಡಿಯುವ ಪದ್ಧತಿ. ಇದನ್ನು ಉಲ್ಕಾ ಪ್ರತಿಫಲಿತ ಸಂವಹನವೆಂದು ಕರೆಯಬಹುದು. ಇದರ ಭೌತಿಕ ತತ್ತ್ವ, ಬೆಳವಣಿಗೆ ಹಾಗೂ ನಮ್ಮ ದಕ್ಷಿಣ ಭಾರತದ ಅಕ್ಷಾಂಶಗಳಲ್ಲಿ ಇದಕ್ಕಿರುವ ಅನುಕೂಲ, ಅಡಚಣೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಾಧ್ಯಮದ ಚಂಚಲತೆಯನ್ನು ದೋಷವೆಂದು ಎಣಿಸದೆ ಲೆಕ್ಕಕ್ಕೆ ಸಿಗುವ ಗುಣವೆಂದು ಎಣಿಸಿದ್ದೇ ಈ ಪದ್ಧತಿಯ ತಿರುಳು ಎಂಬುದು ಲೇಖಕನ ಅಭಿಪ್ರಾಯ. ಶಕ್ತಿಯನ್ನು ಹೆಚ್ಚಿಸುವುದಕ್ಕಿಂತ ಕಾಯುವುದನ್ನು ಕಲಿಯುವುದೇ ಇಲ್ಲಿ ತಂತ್ರಜ್ಞಾನದ ಮುಖ್ಯ ಕೆಲಸವಾಯಿತು.

ಜಾಡು ಹುಟ್ಟುವ ಬಗೆ

ಹಳ್ಳಿಗಳಲ್ಲಿ ಚುಕ್ಕಿ ಬಿತ್ತು ಎಂದು ಹೇಳುವ ಘಟನೆಯಲ್ಲಿ ಬೀಳುವುದು ಚುಕ್ಕಿಯಲ್ಲ, ಧೂಳಿನ ಅಥವಾ ಮರಳಿನ ಒಂದು ಕಣ. ಸೂರ್ಯನನ್ನು ಸುತ್ತುವ ಇಂಥ ಕಣಗಳು ಭೂಮಿಯ ವಾಯುಮಂಡಲವನ್ನು ಸೆಕೆಂಡಿಗೆ 11ರಿಂದ 72 ಕಿ.ಮೀ. ವೇಗದಲ್ಲಿ ಪ್ರವೇಶಿಸುತ್ತವೆ. ಈ ಎರಡು ಅಂಕಿಗಳೂ ಆಕಸ್ಮಿಕವಲ್ಲ. ಭೂಮಿಯ ಗುರುತ್ವಾಕರ್ಷಣೆಯೊಂದೇ ಕಣಕ್ಕೆ ಕೊಡುವ ವೇಗ ಸುಮಾರು 11 ಕಿ.ಮೀ. ಆದ್ದರಿಂದ ಅದಕ್ಕಿಂತ ಕಡಿಮೆ ವೇಗದ ಉಲ್ಕೆ ಇರಲಾರದು. ಸೌರವ್ಯೂಹಕ್ಕೆ ಸೇರಿದ ಕಣವೊಂದಕ್ಕೆ ಭೂಮಿಯ ಕಕ್ಷೆಯ ಬಳಿ ಇರಬಹುದಾದ ಗರಿಷ್ಠ ವೇಗ 42 ಕಿ.ಮೀ.; ಭೂಮಿಯ ಕಕ್ಷಾವೇಗ 30 ಕಿ.ಮೀ. ಇವೆರಡೂ ಎದುರುಬದುರಾದಾಗ 72 ಆಗುತ್ತದೆ.

ನೆಲದಿಂದ ಸುಮಾರು 120 ಕಿ.ಮೀ. ಎತ್ತರದಲ್ಲಿ ಕಣವು ಗಾಳಿಯ ಅಣುಗಳೊಡನೆ ಘರ್ಷಿಸಿ ಕಾಯತೊಡಗುತ್ತದೆ, 80 ಕಿ.ಮೀ. ತಲಪುವಷ್ಟರಲ್ಲಿ ಬಹುತೇಕ ಕಣಗಳು ಪೂರ್ತಿಯಾಗಿ ಆವಿಯಾಗಿರುತ್ತವೆ. ಆವಿಯಾದ ಪರಮಾಣುಗಳು ಸುತ್ತಲಿನ ಗಾಳಿಯೊಡನೆ ಡಿಕ್ಕಿ ಹೊಡೆದು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ. ಹೀಗೆ ಹತ್ತಾರು ಕಿಲೋಮೀಟರ್ ಉದ್ದದ, ಮೊದಲಿಗೆ ಕೆಲವೇ ಅಡಿ ಅಗಲದ, ಎಲೆಕ್ಟ್ರಾನು ಮತ್ತು ಅಯಾನುಗಳ ಎಳೆಯೊಂದು ಕಣದ ಹಿಂದೆ ಉಳಿಯುತ್ತದೆ. ರೇಡಿಯೊ ತರಂಗವನ್ನು ಹಿಂದಿರುಗಿಸುವುದು ಈ ಎಳೆಯಲ್ಲಿರುವ ಎಲೆಕ್ಟ್ರಾನುಗಳು. ಕಣ್ಣಿಗೆ ಕಾಣುವ ಉಲ್ಕೆಗಳು ಒಟ್ಟು ಸಂಖ್ಯೆಯಲ್ಲಿ ಅತ್ಯಲ್ಪ. ದ್ರವ್ಯರಾಶಿ ಹತ್ತರಲ್ಲಿ ಒಂದಾದಂತೆ ಕಣಗಳ ಸಂಖ್ಯೆ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಬರಿಗಣ್ಣಿಗೆ ಎಂದೂ ಗೋಚರಿಸದ, ಹಗಲಿರುಳೆನ್ನದೆ ಸುರಿಯುತ್ತಿರುವ ಸೂಕ್ಷ್ಮ ಕಣಗಳೇ ರೇಡಿಯೊ ಸಂವಹನದ ನಿಜವಾದ ಆಧಾರ. ಪರ್ಸೀಡ್, ಜೆಮಿನಿಡ್ ಮೊದಲಾದ ಹೆಸರಾಂತ ಉಲ್ಕಾವೃಷ್ಟಿಗಳು ಕೆಲವು ದಿನಗಳ ಹೆಚ್ಚುವರಿ ಆದಾಯವಿದ್ದಂತೆ. ವರ್ಷವಿಡೀ ನಡೆಯುವ ವ್ಯವಸ್ಥೆಯನ್ನು ಅವುಗಳ ಮೇಲೆ ಕಟ್ಟಲಾಗದು.

ದೆಹಲಿಯ ಸಿಳ್ಳು

ಉಲ್ಕೆಗೂ ರೇಡಿಯೊಗೂ ಸಂಬಂಧವಿರಬಹುದೆಂಬ ಊಹೆ 1920ರ ದಶಕದ ಕೊನೆಯಲ್ಲಿ ಮೂಡಿತು. ಜಪಾನಿನ ಭೌತವಿಜ್ಞಾನಿ ಹಂತಾರೊ ನಾಗಾವೋಕ 1929ರಲ್ಲಿ, ಉಲ್ಕಾವೃಷ್ಟಿಯಿಂದ ರೇಡಿಯೊ ಪ್ರಸಾರಕ್ಕೆ ತೊಡಕಾಗಬಹುದೆಂದು ಬರೆದರು. ಅಮೆರಿಕದ ಗ್ರೀನ್‌ಲೀಫ್ ಪಿಕಾರ್ಡ್ 1931ರಲ್ಲಿ ದೂರದ ಸಂಕೇತಗಳ ಹಠಾತ್ ಏರಿಕೆಗೂ ಉಲ್ಕಾವೃಷ್ಟಿಯ ದಿನಗಳಿಗೂ ಹೊಂದಿಕೆಯಿರುವುದನ್ನು ಗುರುತಿಸಿದರು. ಬೆಲ್ ಪ್ರಯೋಗಾಲಯದ ಸ್ಕೆಲೆಟ್ ಅದೇ ವರ್ಷ ಇದಕ್ಕೆ ಸೈದ್ಧಾಂತಿಕ ಆಧಾರವನ್ನು ಒದಗಿಸಿದ್ದಲ್ಲದೆ, ಲಿಯೋನಿಡ್ ವೃಷ್ಟಿಯ ಸಮಯದಲ್ಲಿ ಅಯಾನುಗೋಳದಲ್ಲಾಗುವ ಏರುಪೇರನ್ನು ಅಳೆದು ತೋರಿಸುವ ಕೆಲಸದಲ್ಲೂ ಪಾಲ್ಗೊಂಡರು. ಆದರೆ ಇವೆಲ್ಲ ಉಲ್ಕೆಗಳ ಒಟ್ಟು ಪರಿಣಾಮದ ಮಾತು. ಒಂದೊಂದೇ ಉಲ್ಕೆಯನ್ನು ಕಿವಿಯಿಂದ ಗುರುತಿಸಿ, ಅದು ಚಲಿಸುವ ಪ್ರತಿಫಲಕವೆಂದು ವಿವರಿಸಿದ ಕೀರ್ತಿಯಲ್ಲಿ ಭಾರತಕ್ಕೆ ಪಾಲಿದೆ.

ದೆಹಲಿಯಲ್ಲಿ ಆಲ್ ಇಂಡಿಯಾ ರೇಡಿಯೊದಲ್ಲಿದ್ದ ಚಮನ್‌ಲಾಲ್ ಮತ್ತು ವೆಂಕಟರಾಮನ್ ಅವರು ಹ್ರಸ್ವತರಂಗ ಪ್ರಸಾರವನ್ನು ಆಲಿಸುವಾಗ ಆಗಾಗ್ಗೆ ಕೇಳಿಬರುತ್ತಿದ್ದ ಕ್ಷೀಣವಾದ ಸಿಳ್ಳೊಂದನ್ನು ಅಧ್ಯಯನಕ್ಕೆ ಎತ್ತಿಕೊಂಡರು. ಸಿಳ್ಳು ಎತ್ತರದ ಸ್ವರದಲ್ಲಿ ಆರಂಭವಾಗಿ ಕ್ಷಣಾರ್ಧದಲ್ಲಿ ಕೆಳಸ್ವರಕ್ಕಿಳಿದು ಅಡಗುತ್ತಿತ್ತು. ಅಯಾನುಗೋಳವನ್ನು ಪ್ರವೇಶಿಸುವ ಉಲ್ಕೆಗಳಿಂದಾಗುವ ಡಾಪ್ಲರ್ ಪರಿಣಾಮವೇ ಇದು ಎಂದು ಅವರು ತೀರ್ಮಾನಿಸಿದರು. ಆ ಲೇಖನ 1941ರಲ್ಲಿ ಪ್ರಕಟವಾದದ್ದು ಬೆಂಗಳೂರಿನ ‘ಎಲೆಕ್ಟ್ರೋಟೆಕ್ನಿಕ್ಸ್’ ಪತ್ರಿಕೆಯಲ್ಲಿ. (ಆಕಾಶವಾಣಿ ಎಂಬ ಹೆಸರು ಆ ಕಾಲದಲ್ಲಿ ದೆಹಲಿಯ ಸಂಸ್ಥೆಗಿನ್ನೂ ಬಂದಿರಲಿಲ್ಲ, ಅದು ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಮೈಸೂರಿನ ನಿಲಯದ ಹೆಸರಾಗಿತ್ತು.) ಅನಂತರದ ಉಲ್ಕಾವಿಜ್ಞಾನದ ಬರವಣಿಗೆಯಲ್ಲಿ ಈ ಲೇಖನದ ಉಲ್ಲೇಖ ಬರುತ್ತದೆಯಾದರೂ, ನಮ್ಮಲ್ಲಿ ರೇಡಿಯೊದ ಇತಿಹಾಸವನ್ನು ಬರೆಯುವಾಗ ಇದಕ್ಕೆ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂದೇ ಹೇಳಬೇಕು.

ಸಿಳ್ಳಿನ ಕಾರಣವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಗ್ರಾಹಕಕ್ಕೆ ಎರಡು ದಾರಿಗಳಿಂದ ತರಂಗ ಬರುತ್ತದೆ: ಒಂದು ನೇರವಾಗಿ ನೆಲದ ಮೇಲಿಂದ, ಇನ್ನೊಂದು ಉಲ್ಕೆಯ ಮುಂಭಾಗದಿಂದ ಪ್ರತಿಫಲಿಸಿ. ಉಲ್ಕೆ ಹತ್ತಿರವಾಗುತ್ತಿರುವಷ್ಟು ಹೊತ್ತು ಎರಡನೆಯದರ ಆವೃತ್ತಿ ತುಸು ಹೆಚ್ಚಿರುತ್ತದೆ. ಎರಡೂ ಬೆರೆತಾಗ ಅವುಗಳ ವ್ಯತ್ಯಾಸವೇ ಸ್ವರವಾಗಿ ಕೇಳುತ್ತದೆ. ತರಂಗದೂರ 25 ಮೀಟರ್ ಇದ್ದು, ಉಲ್ಕೆ ಸೆಕೆಂಡಿಗೆ 40 ಕಿ.ಮೀ. ವೇಗದಲ್ಲಿ ನೇರವಾಗಿ ಎದುರಿಗೆ ಬರುತ್ತಿದೆಯೆಂದು ಭಾವಿಸಿದರೆ ಈ ವ್ಯತ್ಯಾಸ 3,200 ಹರ್ಟ್ಸ್ ಆಗುತ್ತದೆ. ಇದು ಮನುಷ್ಯನ ಕಿವಿಗೆ ಚೆನ್ನಾಗಿ ಕೇಳುವ ಸ್ವರ. ಉಲ್ಕೆಯ ಪಥವು ನೋಡುವವನಿಗೆ ಅತ್ಯಂತ ಸಮೀಪವಾದ ಬಿಂದುವನ್ನು ತಲಪಿದಾಗ ಹತ್ತಿರವಾಗುವ ವೇಗ ಸೊನ್ನೆಯಾಗುತ್ತದೆ, ಸ್ವರವೂ ಸೊನ್ನೆಗಿಳಿಯುತ್ತದೆ. ಕ್ಷಣಾರ್ಧದ ಆ ಸಿಳ್ಳು ಉಲ್ಕೆಯ ವೇಗದ ವಿವರವನ್ನು ತನ್ನಲ್ಲೇ ಹೊತ್ತಿತ್ತು.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬ್ರಿಟನ್ನಿನ ಸೈನ್ಯದ ರೇಡಾರುಗಳು ಜರ್ಮನಿಯ ವಿ-2 ರಾಕೆಟ್ಟುಗಳಿಗಾಗಿ ಆಕಾಶವನ್ನು ಶೋಧಿಸುತ್ತಿದ್ದಾಗ ಕ್ಷಣಿಕ ಪ್ರತಿಧ್ವನಿಗಳು ಕಾಣಿಸಿಕೊಂಡು ಗೊಂದಲವುಂಟುಮಾಡಿದವು. ಜೆ. ಎಸ್. ಹೇ ಮತ್ತು ಸಂಗಡಿಗರು ಅವು ಉಲ್ಕೆಗಳವೆಂದು ತೋರಿಸಿದರು. ಬರ್ನಾರ್ಡ್ ಲವೆಲ್ ಯುದ್ಧದಲ್ಲಿ ಬಳಸಿದ ಉಪಕರಣಗಳನ್ನೇ ಜೋಡ್ರೆಲ್ ಬ್ಯಾಂಕಿಗೆ ತಂದು, 1946ರ ಅಕ್ಟೋಬರ್ 9–10ರ ರಾತ್ರಿಯ ಜಿಯಾಕೋಬಿನಿಡ್ ವೃಷ್ಟಿಯನ್ನು ರೇಡಾರಿನಿಂದ ದಾಖಲಿಸಿದರು. ಮರುವರ್ಷ ಹಗಲಿನಲ್ಲಿ ಸುರಿಯುವ, ಯಾರೂ ಕಂಡಿರದ ಉಲ್ಕಾವೃಷ್ಟಿಗಳು ಬೆಳಕಿಗೆ ಬಂದವು. ಉಲ್ಕೆಯ ಜಾಡು ಎಷ್ಟು ಹೊತ್ತು ಉಳಿಯುತ್ತದೆ, ಯಾವ ತರಂಗಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬ ಜ್ಞಾನ ಈ ಖಗೋಳ ಸಂಶೋಧನೆಗಳ ಫಲವಾಗಿ ದೊರೆಯಿತು. ಸಂವಹನ ತಂತ್ರಜ್ಞರು ಅದನ್ನು ಎರವಲು ಪಡೆದರು.

ವಿರಳ ಜಾಡು, ಸಾಂದ್ರ ಜಾಡು

ಜಾಡಿನ ಒಂದು ಮೀಟರ್ ಉದ್ದದಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದರ ಮೇಲೆ ಅದರ ವರ್ತನೆ ನಿಂತಿದೆ. ಈ ಸಂಖ್ಯೆ ಸುಮಾರು ಒಂದು ನೂರು ಲಕ್ಷ ಕೋಟಿ, ಅಂದರೆ ಹತ್ತರ ಹದಿನಾಲ್ಕನೆಯ ಘಾತಕ್ಕಿಂತ ಕಡಿಮೆಯಿದ್ದರೆ ಅದು ವಿರಳ ಜಾಡು. ಇಲ್ಲಿ ರೇಡಿಯೊ ತರಂಗ ಜಾಡಿನ ಒಳಗೆಲ್ಲ ಹಾದುಹೋಗುತ್ತದೆ; ಒಂದೊಂದು ಎಲೆಕ್ಟ್ರಾನೂ ಬಿಡಿಬಿಡಿಯಾಗಿ ತರಂಗವನ್ನು ಚದುರಿಸುತ್ತದೆ. ಎಳೆ ತೆಳುವಾಗಿರುವವರೆಗೆ ಈ ಚದುರಿದ ತರಂಗಗಳು ಒಂದಕ್ಕೊಂದು ಸೇರಿ ಬಲಗೊಳ್ಳುತ್ತವೆ. ಎಳೆ ಹರಡಿ ತರಂಗದೂರಕ್ಕೆ ಹೋಲಿಸಬಹುದಾದಷ್ಟು ದಪ್ಪವಾದೊಡನೆ ಪರಸ್ಪರ ರದ್ದುಗೊಂಡು ಸಂಕೇತ ಕುಸಿಯುತ್ತದೆ. ಆದುದರಿಂದ ವಿರಳ ಜಾಡಿನ ಸಂಕೇತ ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಶಿಖರಕ್ಕೇರಿ, ಆಮೇಲೆ ಘಾತೀಯವಾಗಿ ಇಳಿಯುತ್ತದೆ.

ಎಲೆಕ್ಟ್ರಾನುಗಳ ಸಂಖ್ಯೆ ಆ ಎಲ್ಲೆಯನ್ನು ಮೀರಿದರೆ ಜಾಡು ಸಾಂದ್ರವಾಗುತ್ತದೆ. ಆಗ ತರಂಗ ಒಳಹೊಗಲಾರದೆ, ಲೋಹದ ಕೊಳವೆಗೆ ತಾಗಿದಂತೆ ಹೊರಮೈಯಿಂದಲೇ ಹಿಂದಿರುಗುತ್ತದೆ. ಇಂಥ ಸಂಕೇತ ಹಲವು ಸೆಕೆಂಡುಗಳ ಕಾಲ, ಕೆಲವೊಮ್ಮೆ ನಿಮಿಷಗಟ್ಟಲೆ ಉಳಿಯಬಹುದು. ಮೇಲ್ನೋಟಕ್ಕೆ ಇದೇ ಹೆಚ್ಚು ಉಪಯುಕ್ತವೆಂದು ತೋರುತ್ತದೆ. ಆದರೆ ದೀರ್ಘಾಯುಷಿಯಾದ ಜಾಡನ್ನು ಆ ಎತ್ತರದ ಗಾಳಿ ಡೊಂಕುಡೊಂಕಾಗಿ ಎಳೆದು, ಒಂದರ ಬದಲು ಹಲವು ಪ್ರತಿಫಲನ ಬಿಂದುಗಳನ್ನು ಉಂಟುಮಾಡುತ್ತದೆ, ಸಂಕೇತ ಏರಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ ಇಂಥ ಜಾಡುಗಳು ಅಪರೂಪ. ಆದಕಾರಣ ವ್ಯವಸ್ಥೆಗಳ ವಿನ್ಯಾಸಕರು ಅಲ್ಪಾಯುಷಿಗಳಾದರೂ ಹೇರಳವಾಗಿರುವ ವಿರಳ ಜಾಡುಗಳನ್ನೇ ನೆಚ್ಚಿಕೊಂಡರು.

ವಿರಳ ಜಾಡಿನ ಆಯುಷ್ಯ ಎರಡು ಸಂಗತಿಗಳಿಂದ ನಿರ್ಧಾರವಾಗುತ್ತದೆ. ಅದು ತರಂಗದೂರದ ವರ್ಗಕ್ಕೆ ನೇರ ಅನುಪಾತದಲ್ಲಿದೆ, ಎಲೆಕ್ಟ್ರಾನುಗಳು ಹರಡುವ ದರಕ್ಕೆ ವಿಲೋಮ ಅನುಪಾತದಲ್ಲಿದೆ. ತರಂಗದೂರವನ್ನು ಅರ್ಧಕ್ಕಿಳಿಸಿದರೆ ಆಯುಷ್ಯ ನಾಲ್ಕನೇ ಒಂದಕ್ಕಿಳಿಯುತ್ತದೆ. ಸಂಕೇತದ ಬಲವೂ ಕುಗ್ಗುತ್ತದೆ. ಹಾಗಾದರೆ ದೀರ್ಘ ತರಂಗಗಳನ್ನೇ ಬಳಸಬಾರದೇಕೆ? ಸುಮಾರು 30 ಮೆಗಾಹರ್ಟ್ಸ್‌ಗಿಂತ ಕೆಳಗಿನ ಆವೃತ್ತಿಗಳನ್ನು ಅಯಾನುಗೋಳವೇ ಪ್ರತಿಫಲಿಸುತ್ತದೆ, ಹೀರುತ್ತದೆ. ಆಕಾಶಗಂಗೆಯಿಂದ ಬರುವ ಗದ್ದಲವೂ ಹೆಚ್ಚು. ಈ ಎರಡು ಒತ್ತಡಗಳ ನಡುವೆ 30ರಿಂದ 50 ಮೆಗಾಹರ್ಟ್ಸ್ ವ್ಯಾಪ್ತಿ ಉತ್ತಮವೆಂದು ಸ್ಥಿರಪಟ್ಟಿತು.

ಕೋನದ ಪಾತ್ರವೂ ಇದೆ. ಪ್ರಸಾರಕಕ್ಕೇ ಹಿಂದಿರುಗುವ ಪ್ರತಿಧ್ವನಿ 40 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ದೂರದ ಎರಡು ನಿಲಯಗಳ ನಡುವೆ ತರಂಗ ಓರೆಯಾಗಿ ತಾಗುವುದರಿಂದ ಜಾಡು ಹರಡಿದ ಪರಿಣಾಮ ತಡವಾಗಿ ಕಾಣಿಸುತ್ತದೆ. 1,000 ಕಿ.ಮೀ. ಅಂತರವಿದ್ದರೆ ಆಯುಷ್ಯ ಅನುಕೂಲಕರ ಸ್ಥಿತಿಯಲ್ಲಿ ಸುಮಾರು ಇಪ್ಪತ್ತು ಪಟ್ಟು ಹೆಚ್ಚಬಹುದು, 280 ಕಿ.ಮೀ. ಅಂತರದಲ್ಲಿ ಹೆಚ್ಚಳ ಮೂರು ಪಟ್ಟಿನಷ್ಟು ಮಾತ್ರ. ಸಮೀಪದ ಊರಿಗಿಂತ ದೂರದ ಊರಿನೊಡನೆ ಮಾತಾಡುವುದು ಇಲ್ಲಿ ಸುಲಭ! ಆದರೆ ದೂರಕ್ಕೂ ಮಿತಿಯಿದೆ. 95 ಕಿ.ಮೀ. ಎತ್ತರದ ಬಿಂದುವಿನಿಂದ ದಿಗಂತವು ಸುಮಾರು 1,100 ಕಿ.ಮೀ. ದೂರದಲ್ಲಿರುವುದರಿಂದ ಎರಡು ನಿಲಯಗಳ ನಡುವಣ ಅಂತರ 2,200 ಕಿ.ಮೀ. ಮೀರಲಾರದು, ವ್ಯವಹಾರದಲ್ಲಿ 2,000 ಕಿ.ಮೀ. ಎಂದು ತಿಳಿಯುವುದು ವಾಡಿಕೆ.

ಕನ್ನಡಿಯ ನಿಯಮ

ಆಕಾಶದಲ್ಲಿ ಜಾಡು ಮೂಡಿದ ಮಾತ್ರಕ್ಕೆ ಸಂಪರ್ಕ ಏರ್ಪಡುವುದಿಲ್ಲ. ಜಾಡು ಕನ್ನಡಿಯಂತೆ ವರ್ತಿಸುವುದರಿಂದ, ತಾಗುವ ಕೋನ ಮತ್ತು ಹೊರಡುವ ಕೋನ ಸಮವಾಗುವಂತೆ ಅದು ಓರೆಗೊಂಡಿರಬೇಕು. ಜ್ಯಾಮಿತಿಯ ಭಾಷೆಯಲ್ಲಿ, ಎರಡು ನಿಲಯಗಳನ್ನು ನಾಭಿಗಳಾಗಿ ಉಳ್ಳ ದೀರ್ಘವೃತ್ತಜಕ್ಕೆ ಜಾಡು ಸ್ಪರ್ಶರೇಖೆಯಾಗಿರಬೇಕು. ಈ ಕಟ್ಟುಪಾಡಿನಿಂದ ಎರಡು ಫಲಗಳುಂಟಾಗುತ್ತವೆ.

ಮೊದಲನೆಯದು ಅನಿರೀಕ್ಷಿತವಾದದ್ದು. ಉತ್ತಮ ಪ್ರತಿಫಲನ ಎರಡು ನಿಲಯಗಳ ನಟ್ಟನಡುವೆ ದೊರೆಯುವುದಿಲ್ಲ. ಅಲ್ಲಿ ಸ್ಪರ್ಶತಲ ನೆಲಕ್ಕೆ ಸಮಾಂತರವಾಗಿರುವುದರಿಂದ ಅಡ್ಡಡ್ಡವಾಗಿ ಬರುವ ಉಲ್ಕೆಗಳು ಮಾತ್ರ ಪ್ರಯೋಜನಕ್ಕೆ ಬರುತ್ತವೆ, ಅಂಥವು ವಿರಳ. ನಡುರೇಖೆಯಿಂದ ಎರಡೂ ಪಕ್ಕಗಳಲ್ಲಿ 50ರಿಂದ 100 ಕಿ.ಮೀ. ಸರಿದ ಪ್ರದೇಶಗಳಲ್ಲಿ ಸ್ಪರ್ಶತಲ ಇಳಿಜಾರಾಗಿದ್ದು, ಓರೆಯಾಗಿ ಇಳಿದುಬರುವ ಉಲ್ಕೆಗಳಿಗೆ ಹೊಂದುತ್ತದೆ. ಬೆಂಗಳೂರು–ದೆಹಲಿ ಮಾರ್ಗವನ್ನು ಉದಾಹರಣೆಯಾಗಿ ನೋಡಬಹುದು. ಎರಡೂ ನಗರಗಳು ಬಹುತೇಕ ಒಂದೇ ರೇಖಾಂಶದ ಮೇಲಿವೆ, ನಡುವಿನ ವಾಯುದೂರ ಸುಮಾರು 1,740 ಕಿ.ಮೀ. ಮಧ್ಯಬಿಂದು ವಿದರ್ಭದ ಅಕೋಲಾ–ಅಮರಾವತಿ ಸೀಮೆಯ ಮೇಲೆ ಬೀಳುತ್ತದೆ. ನಡುರಾತ್ರಿಯಲ್ಲಿ ಉಲ್ಕೆಗಳು ಹೆಚ್ಚಾಗಿ ಪೂರ್ವದ ಕಡೆಯಿಂದ ಬರುವುದರಿಂದ ಆ ರೇಖೆಯ ಪಶ್ಚಿಮದ ಪಕ್ಕವೂ, ನಡುಹಗಲಿನಲ್ಲಿ ಪೂರ್ವದ ಪಕ್ಕವೂ ಫಲವತ್ತಾಗಿರಬೇಕು. ಆಂಟೆನಾವನ್ನು ಎದುರಿನ ನಿಲಯಕ್ಕೆ ಗುರಿಯಿಟ್ಟು ನಿಲ್ಲಿಸುವುದಕ್ಕಿಂತ ಹೊತ್ತಿಗೆ ತಕ್ಕಂತೆ ತುಸು ಪಕ್ಕಕ್ಕೆ ತಿರುಗಿಸುವುದು ಹೆಚ್ಚು ಲಾಭಕರ.

ಎರಡನೆಯ ಫಲ ಗೋಪ್ಯತೆ. ಒಂದು ಜಾಡಿನಿಂದ ಪ್ರತಿಫಲಿಸಿದ ಸಂಕೇತ ನೆಲದ ಮೇಲೆ ಒಂದು ಸೀಮಿತ ಪ್ರದೇಶದಲ್ಲಿ ಮಾತ್ರ ಕೇಳುತ್ತದೆ. ಕದ್ದು ಕೇಳಬಯಸುವವನು ಗ್ರಾಹಕದ ಸಮೀಪದಲ್ಲೇ ಇರಬೇಕು. ಸೈನಿಕ ಸಂಸ್ಥೆಗಳ ಆಸಕ್ತಿಗೆ ಇದೊಂದು ಕಾರಣ. ಪರಮಾಣು ಸ್ಫೋಟದಿಂದ ಅಯಾನುಗೋಳ ಕದಡಿದಾಗ ಹ್ರಸ್ವತರಂಗ ಸಂಪರ್ಕಕ್ಕಿಂತ ಬೇಗ ಈ ಮಾರ್ಗ ಚೇತರಿಸಿಕೊಳ್ಳುತ್ತದೆ ಎಂಬುದು ಇನ್ನೊಂದು. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಕುರಿತು ಹಣವೂ ಹೊತ್ತೂ ಧಾರಾಳವಾಗಿ ವ್ಯಯವಾದವು.

ಕಾಯುವ ವ್ಯವಸ್ಥೆ

ಜಾಡುಗಳು ಯಾವಾಗ ಬರುತ್ತವೆಂದು ಯಾರೂ ಹೇಳಲಾರರು. ಆದರೆ ಗಂಟೆಗೆ ಸರಾಸರಿ ಎಷ್ಟು ಬರುತ್ತವೆಂದು ಹೇಳಬಹುದು. ಈ ವ್ಯತ್ಯಾಸವನ್ನು ಬಂಡವಾಳವಾಗಿಸಿಕೊಂಡವರು ಕೆನಡಾದ ರಕ್ಷಣಾ ಸಂಶೋಧನಾ ಮಂಡಲಿಯ ರೇಡಿಯೊ ಭೌತವಿಜ್ಞಾನ ಪ್ರಯೋಗಾಲಯದವರು. ಉತ್ತರ ಧ್ರುವದ ಸಮೀಪವಿರುವ ಆ ದೇಶದಲ್ಲಿ ಧ್ರುವಪ್ರಭೆಯ ಉಪಟಳದಿಂದ ಹ್ರಸ್ವತರಂಗ ಸಂಪರ್ಕ ದಿನಗಟ್ಟಲೆ ನಿಂತುಹೋಗುತ್ತಿತ್ತು. ಪರ್ಯಾಯದ ಹುಡುಕಾಟ ಅಲ್ಲಿ ನಿಜವಾದ ಅಗತ್ಯದಿಂದ ಹುಟ್ಟಿತು. ಪೀಟರ್ ಫೋರ್ಸೈತ್ ಮತ್ತು ಸಂಗಡಿಗರು 1950ರ ದಶಕದಲ್ಲಿ ರೂಪಿಸಿದ ವ್ಯವಸ್ಥೆಗೆ ‘ಜ್ಯಾನೆಟ್’ ಎಂದು ಹೆಸರಿಟ್ಟರು. ಎರಡು ದಿಕ್ಕಿಗೂ ಮುಖವುಳ್ಳ ರೋಮನ್ ದೇವತೆ ಜೇನಸ್‌ನಿಂದ ಬಂದ ಹೆಸರಿದು. 1957ರಲ್ಲಿ ಅದರ ತತ್ತ್ವವನ್ನು ಪ್ರಕಟಿಸಿದರು.

ಜ್ಯಾನೆಟ್‌ನಲ್ಲಿ ಎರಡೂ ನಿಲಯಗಳು ಎಡೆಬಿಡದೆ, ತುಸು ಭಿನ್ನವಾದ ಆವೃತ್ತಿಗಳಲ್ಲಿ, ಖಾಲಿ ವಾಹಕ ತರಂಗವನ್ನು ಕಳುಹಿಸುತ್ತಿರುತ್ತವೆ. ಸಂದೇಶಗಳು ಕಾಂತೀಯ ಟೇಪಿನ ಮೇಲೆ ಸಿದ್ಧವಾಗಿ ಕಾಯುತ್ತಿರುತ್ತವೆ. ಜಾಡೊಂದು ಸರಿಯಾದ ಕೋನದಲ್ಲಿ ಮೂಡಿದೊಡನೆ ಎರಡೂ ಕಡೆ ಎದುರಿನ ವಾಹಕ ಕೇಳಿಸುತ್ತದೆ. ದಾರಿ ಪರಸ್ಪರವಾದುದರಿಂದ ಒಬ್ಬನಿಗೆ ಕೇಳಿದರೆ ಇನ್ನೊಬ್ಬನಿಗೂ ಕೇಳಲೇಬೇಕು. ಆ ಕ್ಷಣದಲ್ಲಿ ಬಾಗಿಲು ತೆರೆದು, ಕೂಡಿಟ್ಟ ಸಂದೇಶವನ್ನು ಬೆರಳಚ್ಚಿನ ವೇಗಕ್ಕಿಂತ ಅನೇಕ ಪಟ್ಟು ಹೆಚ್ಚು ವೇಗದಲ್ಲಿ ಸುರಿಯಲಾಗುತ್ತದೆ. ಸಂಕೇತ ನಿಗದಿತ ಮಟ್ಟಕ್ಕಿಂತ ಇಳಿದ ಕೂಡಲೇ ಬಾಗಿಲು ಮುಚ್ಚುತ್ತದೆ. ಹೊಳೆಯ ದಡದಲ್ಲಿ ಗಂಟುಮೂಟೆ ಕಟ್ಟಿಕೊಂಡು ದೋಣಿಗಾಗಿ ಕುಳಿತವರಂತೆ ಎಂದರೆ ಹೋಲಿಕೆ ದೂರವಾಗದು. ಆದರೆ ಈ ದೋಣಿ ದಡದಲ್ಲಿ ನಿಲ್ಲುವುದು ಅರ್ಧ ಸೆಕೆಂಡು ಮಾತ್ರ.

ಅರ್ಧ ಸೆಕೆಂಡಿನ ಬೆಲೆಯನ್ನು ಲೆಕ್ಕ ಹಾಕೋಣ. ಸೆಕೆಂಡಿಗೆ 2,000 ಬಿಟ್ ದರದಲ್ಲಿ ಕಳುಹಿಸಿದರೆ ಅರ್ಧ ಸೆಕೆಂಡಿನಲ್ಲಿ 1,000 ಬಿಟ್, ಅಂದರೆ ಸುಮಾರು 125 ಅಕ್ಷರಚಿಹ್ನೆಗಳು. ಒಂದು ಮಳೆಮಾಪಕದ ದಿನದ ವರದಿಗೆ ಇದು ಸಾಕು. ಮನುಷ್ಯರ ಸಂಭಾಷಣೆಗೆ ಸಾಲದು. ಇನ್ನು ಕಾಯುವ ಅವಧಿ. ಸರಾಸರಿ ಎರಡು ನಿಮಿಷಕ್ಕೊಂದು ಉಪಯುಕ್ತ ಜಾಡು ಬರುತ್ತದೆಂದು ಭಾವಿಸಿದರೆ, ಹತ್ತು ನಿಮಿಷಗಳಲ್ಲಿ ಒಂದೂ ಬಾರದಿರುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಇಪ್ಪತ್ತು ನಿಮಿಷಗಳಲ್ಲಿ ಒಂದೂ ಬಾರದಿರುವ ಸಂಭವ ಹತ್ತುಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಒಂದೊಂದು ಜಾಡಿನ ವಿಷಯದಲ್ಲಿ ಏನನ್ನೂ ಹೇಳಲಾರದವನು ಇಪ್ಪತ್ತು ನಿಮಿಷದ ವಿಷಯದಲ್ಲಿ ಧೈರ್ಯವಾಗಿ ಮಾತು ಕೊಡಬಲ್ಲ. ಮಾಧ್ಯಮದ ಚಂಚಲತೆ ಲೆಕ್ಕಕ್ಕೆ ಸಿಗುತ್ತದೆ ಎಂದು ಆರಂಭದಲ್ಲಿ ಹೇಳಿದ್ದು ಈ ಅರ್ಥದಲ್ಲಿ.

ಆದರೆ ಎರಡು ನಿಮಿಷ ಎಂಬ ಸರಾಸರಿ ದಿನವಿಡೀ ಒಂದೇ ಆಗಿರುವುದಿಲ್ಲ. ಮಳೆಯಲ್ಲಿ ಬೈಸಿಕಲ್ ತುಳಿಯುವವನ ಎದೆ ಬೆನ್ನಿಗಿಂತ ಹೆಚ್ಚು ನೆನೆಯುವಂತೆ, ಕಕ್ಷೆಯಲ್ಲಿ ಮುಂದಕ್ಕೋಡುವ ಭೂಮಿಯ ಮುಂಭಾಗಕ್ಕೆ ಹೆಚ್ಚು ಉಲ್ಕೆಗಳು ತಾಗುತ್ತವೆ. ಸ್ಥಳೀಯ ಕಾಲಮಾನದಲ್ಲಿ ಬೆಳಗಿನ ಆರು ಗಂಟೆಯ ಆಸುಪಾಸಿನಲ್ಲಿರುವ ಪ್ರದೇಶವೇ ಈ ಮುಂಭಾಗ. ಸಂಜೆ ಆರರ ಪ್ರದೇಶ ಬೆನ್ನು. ಬೆಳಗಿನ ಸಂಖ್ಯೆ ಸಂಜೆಯದಕ್ಕಿಂತ ಸುಮಾರು ನಾಲ್ಕು ಪಟ್ಟು. ಬೆಳಿಗ್ಗೆ ಎರಡು ನಿಮಿಷ ಕಾಯುವ ನಿಲಯ ಸಂಜೆ ಎಂಟು ನಿಮಿಷ ಕಾಯಬೇಕು; ಆಗ ಇಪ್ಪತ್ತು ನಿಮಿಷಗಳಲ್ಲಿ ಜಾಡೇ ಬಾರದಿರುವ ಸಂಭವ ನೂರಕ್ಕೆ ಎಂಟಕ್ಕೇರುತ್ತದೆ. ವ್ಯವಸ್ಥೆಯ ಯೋಗ್ಯತೆಯನ್ನು ಬೆಳಗಿನ ಅಂಕಿಗಳಿಂದ ಅಳೆಯುವ ಪ್ರಚಾರ ಸಾಹಿತ್ಯವನ್ನು ಎಚ್ಚರದಿಂದ ಓದಬೇಕಾದ್ದು ಇದರಿಂದಲೇ.

1960ರ ದಶಕದಲ್ಲಿ ನ್ಯಾಟೊದ ಸಂಶೋಧಕರು ನೆದರ್ಲೆಂಡ್ಸ್ ಮತ್ತು ದಕ್ಷಿಣ ಫ್ರಾನ್ಸ್ ನಡುವೆ ನಡೆಸಿದ ‘ಕಾಮೆಟ್’ ಎಂಬ ವ್ಯವಸ್ಥೆ, ತಪ್ಪಾಗಿ ತಲಪಿದ ಭಾಗವನ್ನು ತಾನಾಗಿ ಮತ್ತೆ ಕೇಳಿ ಪಡೆಯುವ ಕ್ರಮವನ್ನು ಸೇರಿಸಿ ಜ್ಯಾನೆಟ್‌ನ ಮುಖ್ಯ ಕೊರತೆಯನ್ನು ನೀಗಿತು. ಅಷ್ಟರಲ್ಲಿ ಸಂಪರ್ಕ ಉಪಗ್ರಹಗಳ ಯುಗ ಆರಂಭವಾಗಿತ್ತು.

ಹಿಮದ ತೂಕ

ಉಪಗ್ರಹಗಳ ಕಾಲದಲ್ಲೂ ಈ ಪದ್ಧತಿ ನಾಲ್ಕು ದಶಕ ಬಾಳಿದ್ದು ಅಮೆರಿಕದ ಪಶ್ಚಿಮ ಪರ್ವತಗಳಲ್ಲಿ. ಅಲ್ಲಿನ ನದಿಗಳ ನೀರಿನ ಬಹುಪಾಲು ಚಳಿಗಾಲದಲ್ಲಿ ಬಿದ್ದು ಬೇಸಿಗೆಯಲ್ಲಿ ಕರಗುವ ಹಿಮದಿಂದ ಬರುತ್ತದೆ. ಜಲಾಶಯಗಳನ್ನು ಎಷ್ಟು ತುಂಬಿಸಬೇಕು, ಎಷ್ಟು ಬರಿದು ಮಾಡಬೇಕು, ರೈತರಿಗೆ ಎಷ್ಟು ನೀರಿನ ಭರವಸೆ ಕೊಡಬೇಕು ಎಂಬುದೆಲ್ಲ ಬೆಟ್ಟದ ಮೇಲೆ ಎಷ್ಟು ಹಿಮ ಕೂಡಿದೆ ಎಂಬ ಅಂದಾಜಿನ ಮೇಲೆ ನಿಂತಿದೆ. ಹಿಂದೆ ಜನರು ಹಿಮಪಾದುಕೆ ತೊಟ್ಟು ಬೆಟ್ಟವೇರಿ ಕೊಳವೆಗಳಲ್ಲಿ ಹಿಮವನ್ನು ತೆಗೆದು ತೂಗುತ್ತಿದ್ದರು. ಅಮೆರಿಕದ ಕೃಷಿ ಇಲಾಖೆಯ ಮಣ್ಣು ಸಂರಕ್ಷಣಾ ಸೇವೆ 1970ರ ದಶಕದ ಉತ್ತರಾರ್ಧದಲ್ಲಿ ‘ಸ್ನೋಟೆಲ್’ ಎಂಬ ಸ್ವಯಂಚಾಲಿತ ಜಾಲವನ್ನು ಸ್ಥಾಪಿಸಿತು.

ಪ್ರತಿ ಕೇಂದ್ರದಲ್ಲೂ ನೆಲದ ಮೇಲೆ ಹಾಸಿದ, ದ್ರವ ತುಂಬಿದ ದಿಂಬಿನಂಥ ಸಾಧನವಿರುತ್ತದೆ. ಅದರ ಮೇಲೆ ಕೂಡಿದ ಹಿಮದ ತೂಕ ದ್ರವದ ಒತ್ತಡವಾಗಿ ದಾಖಲಾಗುತ್ತದೆ. ಕರಗಿದರೆ ಎಷ್ಟು ನೀರಾದೀತು ಎಂಬುದು ನೇರವಾಗಿ ತಿಳಿಯುತ್ತದೆ. ಜೊತೆಗೆ ಮಳೆ ಮತ್ತು ಉಷ್ಣತೆಯ ಮಾಪಕಗಳು, ಸೌರಫಲಕದಿಂದ ತುಂಬುವ ಬ್ಯಾಟರಿ, ಒಂದು ರೇಡಿಯೊ. ಇಡಾಹೊ ರಾಜ್ಯದ ಬಾಯ್ಸಿ ಮತ್ತು ಯೂಟಾ ರಾಜ್ಯದ ಆಗ್ಡೆನ್‌ನಲ್ಲಿದ್ದ ಎರಡು ಮುಖ್ಯ ನಿಲಯಗಳು 40 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಶೋಧಕ ಸಂಕೇತವನ್ನು ಬೀರುತ್ತಿದ್ದವು. ಇಲ್ಲಿ ಜ್ಯಾನೆಟ್‌ಗಿಂತ ಒಂದು ಮುಖ್ಯ ವ್ಯತ್ಯಾಸವಿತ್ತು. ಬೆಟ್ಟದ ಕೇಂದ್ರ ಎಂದೂ ತಾನಾಗಿ ಮಾತಾಡುತ್ತಿರಲಿಲ್ಲ. ಮುಖ್ಯ ನಿಲಯದ ಕರೆ ಯಾವುದೋ ಜಾಡಿನಿಂದ ತನಗೆ ಕೇಳಿಸಿದಾಗ ಮಾತ್ರ ಆ ಜಾಡು ಅಳಿಯುವ ಮುನ್ನ ಉತ್ತರಿಸಿ ಸುಮ್ಮನಾಗುತ್ತಿತ್ತು. ಆದ್ದರಿಂದ ದೊಡ್ಡ ಪ್ರಸಾರಕದ ವೆಚ್ಚ ಎರಡು ಕಡೆ ಮಾತ್ರ. ನೂರಾರು ಬೆಟ್ಟಗಳ ಮೇಲೆ ಅಲ್ಪ ವಿದ್ಯುತ್ತು ಸಾಕಾಗುತ್ತಿತ್ತು. ನಡುವೆ ಮರುಪ್ರಸಾರದ ಕಂಬಗಳು ಬೇಡ, ಬಾಡಿಗೆ ಬೇಡ. ಹಿಮದ ತೂಕ ನಿಮಿಷದಿಂದ ನಿಮಿಷಕ್ಕೆ ಬದಲಾಗುವುದಿಲ್ಲವಾದ್ದರಿಂದ ತಡವಾದರೂ ನಷ್ಟವಿಲ್ಲ. ಮಾಧ್ಯಮದ ಸ್ವಭಾವವೂ ಸುದ್ದಿಯ ಸ್ವಭಾವವೂ ಇಷ್ಟು ಚೆನ್ನಾಗಿ ಹೊಂದಿದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ. ಜಾಲವು ಬೆಳೆದು 700ಕ್ಕೂ ಮಿಕ್ಕ ಕೇಂದ್ರಗಳನ್ನು ಒಳಗೊಂಡಿತು. ಇತ್ತೀಚಿನ ವರ್ಷಗಳಲ್ಲಿ ಕೇಂದ್ರಗಳನ್ನು ಮೊಬೈಲ್ ಮತ್ತು ಉಪಗ್ರಹ ಸಂಪರ್ಕಕ್ಕೆ ಬದಲಾಯಿಸಲಾಗಿದೆ. ಹಿಮದ ದಿಂಬುಗಳು ಇವೆ, ಉಲ್ಕೆಗಳ ಕೆಲಸ ಮುಗಿದಿದೆ.

ನಮ್ಮ ಅಕ್ಷಾಂಶದಲ್ಲಿ

ಉಲ್ಕಾ ಸಂವಹನವನ್ನು ಬಡವರ ಉಪಗ್ರಹವೆಂದು ಬಣ್ಣಿಸುವವರಿದ್ದಾರೆ. ಬಡತನವಿದ್ದಲ್ಲೆಲ್ಲ ಅದು ಸಲ್ಲುತ್ತದೆಂದು ಇದರಿಂದ ಊಹಿಸಬಾರದು. ಮೇಲೆ ಹೇಳಿದ ವ್ಯವಸ್ಥೆಗಳೆಲ್ಲ ಉತ್ತರದ ಎತ್ತರದ ಅಕ್ಷಾಂಶಗಳಲ್ಲಿ ಬೆಳೆದವು. ಬೆಳಗು ಸಂಜೆಗಳ ವ್ಯತ್ಯಾಸ ಧ್ರುವದತ್ತ ಹೋದಂತೆ ಕಡಿಮೆಯಾಗಿ ಸಮಭಾಜಕದತ್ತ ಬಂದಂತೆ ಹೆಚ್ಚುತ್ತದೆ, ಏಕೆಂದರೆ ಇಲ್ಲಿ ಭೂಮಿಯ ಚಲನೆಯ ದಿಕ್ಕು ಬೆಳಿಗ್ಗೆ ನೆತ್ತಿಯ ಸಮೀಪಕ್ಕೂ ಸಂಜೆ ಪಾದದಡಿಗೂ ಬರುತ್ತದೆ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಸಂಜೆಯ ಬರಗಾಲ ಕೆನಡಾದಲ್ಲಿರುವುದಕ್ಕಿಂತ ತೀವ್ರವಾಗಿರುತ್ತದೆ. ಋತುಗಳ ವ್ಯತ್ಯಾಸ ಕಡಿಮೆಯಿರುವುದು ಒಂದು ಸಮಾಧಾನ.

ಇನ್ನೊಂದು ಅಡಚಣೆ ಕಾಂತೀಯ ಸಮಭಾಜಕದ್ದು. ಅದು ದಕ್ಷಿಣ ಭಾರತದ ತುದಿಯ ಬಳಿ ಹಾದುಹೋಗುತ್ತದೆ. 1963ರಲ್ಲಿ ತಿರುವನಂತಪುರದ ತುಂಬಾವನ್ನು ರಾಕೆಟ್ ಉಡಾವಣೆಗೆ ಆಯ್ದದ್ದೂ ಇದೇ ಕಾರಣಕ್ಕೆ. ಅದರ ಮೇಲೆ ಸುಮಾರು 100 ಕಿ.ಮೀ. ಎತ್ತರದಲ್ಲಿ ಹಗಲು ಹರಿಯುವ ವಿದ್ಯುತ್ಪ್ರವಾಹ, ಅಂದರೆ ಉಲ್ಕೆಗಳು ಉರಿಯುವ ಎತ್ತರದಲ್ಲೇ ಇರುವ ಪ್ರವಾಹ, ತಾನೂ ಈ ಆವೃತ್ತಿಯ ತರಂಗಗಳನ್ನು ಚದುರಿಸುತ್ತದೆ. ಯಾವುದು ಉಲ್ಕೆಯಿಂದ ಬಂದದ್ದು, ಯಾವುದು ಅದರಿಂದ ಎಂಬ ವಿವೇಚನೆ ಯಂತ್ರಕ್ಕೆ ಬೇಕಾಗುತ್ತದೆ.

ಪಶ್ಚಿಮ ಘಟ್ಟದ ಮಳೆಕೇಂದ್ರಗಳಿಗೆ ಸ್ನೋಟೆಲ್ ಮಾದರಿ ಹೊಂದೀತೇ ಎಂಬ ಪ್ರಶ್ನೆ ಸಹಜ. ಹೊಂದದು ಎಂದೇ ಹೇಳಬೇಕಾಗುತ್ತದೆ. ಆಗುಂಬೆಯಿಂದ ಬೆಂಗಳೂರಿಗೆ ವಾಯುದೂರ 300 ಕಿ.ಮೀ.ಗಿಂತ ಕಡಿಮೆ, ಹಿಂದೆ ತೋರಿಸಿದಂತೆ ಇಷ್ಟು ಸಮೀಪದಲ್ಲಿ ಜಾಡಿನ ಆಯುಷ್ಯ 1,000 ಕಿ.ಮೀ. ಮಾರ್ಗದಲ್ಲಿರುವುದರ ಆರನೇ ಒಂದು ಭಾಗಕ್ಕಿಳಿಯುತ್ತದೆ. ಘಟ್ಟದ ಮಳೆ ಗಂಟೆಗಂಟೆಗೆ ಬದಲಾಗುವಂಥದ್ದು. ಸಂಜೆ ಸುರಿದ ಕುಂಭದ್ರೋಣದ ಸುದ್ದಿ ಜಾಡು ಬರುವವರೆಗೆ ಕಾದರೆ ಪ್ರವಾಹದ ಮುನ್ಸೂಚನೆಗೆ ಪ್ರಯೋಜನವಿಲ್ಲ. ದ್ವೀಪಗಳ ಮಾತು ಬೇರೆ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್ ಸುಮಾರು 1,640 ಕಿ.ಮೀ., ಕವರತ್ತಿ ಸುಮಾರು 600 ಕಿ.ಮೀ. ಜ್ಯಾಮಿತಿ ಅನುಕೂಲವಾಗಿದೆ. ಉಪಗ್ರಹ ಕೈಕೊಟ್ಟ ತುರ್ತು ಹೊತ್ತಿನಲ್ಲಿ ನೂರು ಅಕ್ಷರಗಳ ಸಂದೇಶ ತಲಪಿಸಲು ಇದೊಂದು ಮೀಸಲು ದಾರಿಯಾಗಬಲ್ಲದು. ಆದರೆ ಪೋರ್ಟ್ ಬ್ಲೇರ್‌ನಷ್ಟು ದೂರಕ್ಕೆ ಕಿರಣ ದಿಗಂತದಿಂದ ಮೂರು ಡಿಗ್ರಿಯಷ್ಟು ಎತ್ತರದಲ್ಲಿ ಹೊರಡಬೇಕಾದ್ದರಿಂದ, ಎದುರಿಗೆ ಒಂದು ಸಾಧಾರಣ ಗುಡ್ಡವಿದ್ದರೂ ದಾರಿ ಮುಚ್ಚುತ್ತದೆ. ನಗರದ ವಿದ್ಯುತ್ ಗದ್ದಲದಿಂದ ದೂರವಾದ, ಪೂರ್ವಕ್ಕೆ ತೆರೆದ ಬಯಲನ್ನು ಹುಡುಕಬೇಕು.

ಭಾರತದಲ್ಲಿ ಉಲ್ಕೆಯ ಜಾಡು ಇಂದು ಸಂವಹನಕ್ಕಿಂತ ಅಳತೆಗೆ ಹೆಚ್ಚು ಬಳಕೆಯಾಗುತ್ತಿದೆ. ತುಂಬಾದಲ್ಲಿ 2004ರಲ್ಲಿಯೂ ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾನಿಲಯದಲ್ಲಿ 2013ರಲ್ಲಿಯೂ ಉಲ್ಕಾ ರೇಡಾರುಗಳು ಕೆಲಸ ಆರಂಭಿಸಿದವು. ಜಾಡು ಗಾಳಿಯೊಡನೆ ತೇಲುವ ವೇಗದಿಂದ 80–100 ಕಿ.ಮೀ. ಎತ್ತರದ ಮಾರುತಗಳನ್ನೂ, ಅದು ಹರಡುವ ದರದಿಂದ ಅಲ್ಲಿನ ಉಷ್ಣತೆಯನ್ನೂ ಲೆಕ್ಕ ಹಾಕಲಾಗುತ್ತದೆ. ಬಲೂನು ಏರಲಾರದ, ಉಪಗ್ರಹ ಇಳಿಯಲಾರದ ಆ ಪದರದ ಬಗ್ಗೆ ನಿರಂತರ ಮಾಹಿತಿ ಒದಗಿಸುವ ಸಾಧನಗಳು ಕೆಲವೇ.

ಸಂದೇಶ ಕಳುಹಿಸುವ ಕೆಲಸವನ್ನು ಮುಂದುವರಿಸಿಕೊಂಡು ಬಂದವರು ಹವ್ಯಾಸಿ ರೇಡಿಯೊ ಬಳಗದವರು. ಅಮೆರಿಕದಲ್ಲಿ 1954ರಷ್ಟು ಹಿಂದೆಯೇ 144 ಮೆಗಾಹರ್ಟ್ಸ್‌ನಲ್ಲಿ ಉಲ್ಕೆಗಳ ಮೂಲಕ ಸಂಪರ್ಕ ಸಾಧಿಸಿದ್ದರು. ಆ ಆವೃತ್ತಿಯಲ್ಲಿ ಜಾಡಿನ ಆಯುಷ್ಯ 40 ಮೆಗಾಹರ್ಟ್ಸ್‌ನಲ್ಲಿರುವುದರ ಹನ್ನೆರಡರಲ್ಲಿ ಒಂದಕ್ಕಿಂತಲೂ ಕಡಿಮೆಯಾದ್ದರಿಂದ ದಶಕಗಳ ಕಾಲ ಅವರು ದೊಡ್ಡ ಉಲ್ಕಾವೃಷ್ಟಿಯ ರಾತ್ರಿಗಳಿಗಾಗಿ ಕಾಯುತ್ತಿದ್ದರು. ಪಲ್ಸಾರುಗಳ ಅಧ್ಯಯನಕ್ಕಾಗಿ 1993ರ ಭೌತವಿಜ್ಞಾನ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಜೋಸೆಫ್ ಟೇಲರ್ ತಾವೂ ಹವ್ಯಾಸಿ. ಅವರು 2001ರಲ್ಲಿ ಬರೆದು ಉಚಿತವಾಗಿ ಹಂಚಿದ ಕಂಪ್ಯೂಟರ್ ಕ್ರಮವಿಧಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕ ತುಣುಕುಗಳಿಂದಲೂ ಅಕ್ಷರಗಳನ್ನು ಹೆಕ್ಕಬಲ್ಲದು. ಒಬ್ಬರು ಹದಿನೈದು ಅಥವಾ ಮೂವತ್ತು ಸೆಕೆಂಡು ಒಂದೇ ಸಂದೇಶವನ್ನು ಮತ್ತೆ ಮತ್ತೆ ಕಳುಹಿಸುತ್ತಾರೆ, ಇನ್ನೊಬ್ಬರು ಆಲಿಸುತ್ತಾರೆ. ಆಮೇಲೆ ಸರದಿ ಬದಲಾಗುತ್ತದೆ. ಯಾವ ವೃಷ್ಟಿಯೂ ಇಲ್ಲದ ಸಾಧಾರಣ ಬೆಳಗಿನಲ್ಲಿಯೂ ಎರಡು ಕರೆಹೆಸರುಗಳು ಮತ್ತು ಸಂಕೇತಬಲದ ಒಂದು ಅಂಕಿ ಸಾವಿರ ಕಿಲೋಮೀಟರ್ ದಾಟಲು ಈಗ ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಅರ್ಧ ಗಂಟೆಯವರೆಗೆ ಹಿಡಿಯುತ್ತದೆ.